ಹೂಂ ಎನ್ನುವ ಹಟ್ಟಿ

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ಈ ರೋಗಿಯ ಕಾಯಿಲೆ ಏನೆಂದು ನಿಮಗೆ ಗೊತ್ತಿದೆ. ಹೇಳಿಬಿಟ್ಟರೆ ಅರ್ಧ ಗಳಿಗೆಯ ಕೆಲಸ. ನಾವು ಆರು ಜನ ಆರು ದಿನದಿಂದ ಹುಡುಕುತ್ತಿದ್ದೇವೆ. ಗೊತ್ತಿದ್ದವರು ಬಾಯಿ ಮುಚ್ಚಿ ಕೂತು, ಗೊತ್ತಿಲ್ಲದವರು ಬಾಯಿ ನೋಯಿಸಿಕೊಳ್ಳುವುದು ಯಾವ ಸೀಮೆಯ ಪಾಠ?"

ಅದೊಂದು ವೈದ್ಯಶಾಲೆ. ವೈದ್ಯರಾಗುವವರು, ಸೂಲಗಿತ್ತಿಯರಾಗುವವರು, ಔಷಧ ಅರೆಯುವವರು ಎಲ್ಲರೂ ಅಲ್ಲಿ ಒಂದೇ ಜಗಲಿಯ ಮೇಲೆ ಕೂತು ಕಲಿಯುತ್ತಿದ್ದರು. ಗುರುಗಳು ಮೊದಲು ಗ್ರಂಥ ಬಿಚ್ಚುತ್ತಿರಲಿಲ್ಲ. ಮೊದಲು ಒಬ್ಬ ರೋಗಿಯನ್ನು ತಂದು ಎದುರಿಗೆ ಕೂರಿಸುತ್ತಿದ್ದರು. ಗ್ರಂಥ ಆಮೇಲೆ, ಬೇಕಾದವರಿಗೆ, ಬೇಕೆನಿಸಿದಾಗ.

ಗುರುಗಳು ಸಿಟ್ಟಾಗಲಿಲ್ಲ. "ಕೂತುಕೋ, ಒಂದು ಕತೆ ಇದೆ" ಎಂದರು.

ಒಂದು ಪೇಟೆಯಲ್ಲಿ ಒಬ್ಬ ಹಿರಿಯ ವೈದ್ಯರಿದ್ದರು. ಅವರ ಪಾಠದ ರೀತಿಯೂ ಇಂಥದೇ. ಶಿಷ್ಯರನ್ನು ಸುತ್ತ ಕೂರಿಸಿಕೊಂಡು ಒಂದೇ ಒಂದು ಸಾಲು ಹೇಳುವರು: "ಒಬ್ಬ ನೇಕಾರ. ಬಲಗೈ ಮರಗಟ್ಟುತ್ತದೆ. ಕೇಳಿ." ಅಷ್ಟೇ. ಶಿಷ್ಯರು ಕೇಳಬೇಕು. ಕೇಳಿದ್ದಕ್ಕೆ ಮಾತ್ರ ಉತ್ತರ. ಕೇಳದೆ ಉಳಿದದ್ದು ಹೇಳದೆ ಉಳಿಯುತ್ತಿತ್ತು. ಯಾವುದು ತಿಳಿಯಲಿಲ್ಲವೋ ಅದನ್ನು ಇದ್ದಿಲಿನಿಂದ ಗೋಡೆಯ ಮೇಲೆ ಬರೆಯಬೇಕು. ಬರೆದವನು ಎದ್ದು ಹೋಗಿ, ಗ್ರಂಥದಿಂದಲೋ ಗಿಡದಿಂದಲೋ ಮನುಷ್ಯನಿಂದಲೋ ಅದನ್ನು ಹುಡುಕಿ ತರಬೇಕು. ತಂದ ಮೇಲೆ ಅಳಿಸಬೇಕು. ಒಬ್ಬೊಬ್ಬನಿಗೆ ಗೋಡೆಯಲ್ಲಿ ಒಂದೊಂದು ಮೊಳ ಜಾಗ.

ಶಿಷ್ಯರಲ್ಲಿ ಒಬ್ಬ ಜವಳಿ ವ್ಯಾಪಾರಿಯ ಮಗ. ಗಿರಾಕಿಗಳ ನಡುವೆ ಬೆಳೆದವನು. ಹೆಂಗಸು ಹತ್ತು ಸೀರೆ ಬಿಚ್ಚಿಸಿ, ಒಂಬತ್ತನ್ನು ಹಳಿದು, ಒಂದರ ವಿಷಯ ಏನೂ ಹೇಳದಿದ್ದರೆ ಆ ಒಂದರ ಬೆಲೆ ಏರಿಸಬೇಕು ಎನ್ನುವುದು ಅವನಿಗೆ ಅಕ್ಷರಕ್ಕಿಂತ ಮೊದಲು ಬಂದ ವಿದ್ಯೆ.

ಹಿರಿಯ ವೈದ್ಯರಿಗೆ ಪಾಠದ ಹೊತ್ತಿನಲ್ಲಿ ಅಡಕೆ ಕತ್ತರಿಸುವ ಅಭ್ಯಾಸ. ಕೈಯಲ್ಲಿ ಅಡಕತ್ತರಿ ಟಕ್ ಟಕ್ ಎನ್ನುತ್ತಲೇ ಇರುತ್ತಿತ್ತು. ಜವಳಿಯವನ ಮಗ ಮೂರನೆಯ ದಿನವೇ ಒಂದು ವಿಷಯ ಕಂಡುಕೊಂಡ. ಶಿಷ್ಯರ ಪ್ರಶ್ನೆ ಸರಿಯಾದ ಜಾಗದ ಹತ್ತಿರ ಬಂದರೆ ಅಡಕತ್ತರಿ ಒಂದು ಕ್ಷಣ ನಿಲ್ಲುತ್ತದೆ.

ಅಂದಿನಿಂದ ಅವನು ರೋಗಿಯ ವಿಷಯ ಯೋಚಿಸುವುದನ್ನು ಬಿಟ್ಟ. ಸೀರೆ ಬಿಚ್ಚಿದ ಹಾಗೆ ಪ್ರಶ್ನೆ ಬಿಚ್ಚುತ್ತ ಹೋದ. "ನಿದ್ರೆ ಹೇಗೆ?" ಟಕ್. "ಹಸಿವು?" ಟಕ್. "ಬೆವರು?" ಟಕ್. "ನೀರಡಿಕೆ?" ಸದ್ದಿಲ್ಲ. ಅಲ್ಲಿಗೆ ಸಿಕ್ಕಿತು. ನೀರಡಿಕೆಯ ಸುತ್ತ ಇನ್ನು ನಾಲ್ಕು ಪ್ರಶ್ನೆ ಎಸೆದರೆ ಕಾಯಿಲೆ ತಾನಾಗಿ ಮಡಿಲಿಗೆ ಬೀಳುತ್ತಿತ್ತು. ಉಳಿದವರ ಪಾಲಿನ ಗೋಡೆ ಬರೆದು ಅಳಿಸಿ, ಬರೆದು ಅಳಿಸಿ ಕಪ್ಪಾಗಿತ್ತು. ಅವನ ಮೊಳ ಸುಣ್ಣ ಬಳಿದ ದಿನ ಇದ್ದಂತೆಯೇ ಇತ್ತು.

"ಏನಪ್ಪಾ, ನಿನಗೆ ಗೊತ್ತಿಲ್ಲದ್ದು ಲೋಕದಲ್ಲಿ ಒಂದೂ ಇಲ್ಲವೋ?" ಎಂದು ಜೊತೆಯವನೊಬ್ಬ ಚುಚ್ಚಿದ.

"ಇದ್ದಿದ್ದರೆ ಬರೆಯುತ್ತಿರಲಿಲ್ಲವೇ?" ಎಂದ ಜವಳಿಯವನ ಮಗ.

ಅವನು ಸುಳ್ಳು ಹೇಳಲಿಲ್ಲ. ತನಗೆ ಏನು ಗೊತ್ತಿಲ್ಲ ಎಂಬುದು ಅವನಿಗೆ ಗೊತ್ತಾಗುವ ಪ್ರಸಂಗವೇ ಬಂದಿರಲಿಲ್ಲ.

ಹೀಗಿರುವಾಗ ಒಂದು ದಿನ ಗುಡ್ಡದ ಮೇಲಿನ ಕಲ್ಲುಕುಟಿಗರ ಹಟ್ಟಿಯಿಂದ ಒಬ್ಬ ಗಂಡಸು ಬಂದ. ಬೀಸುವ ಕಲ್ಲು, ಒರಳು ಕಡೆದು ಬದುಕುವ ಜನ ಅವರು. ಬಂದವನು ಅಂಗಳದಲ್ಲಿ ನಿಂತು ತೂಗಾಡಿದ. ಕಂಬ ಹಿಡಿದುಕೊಂಡು ಅವನು ಹೇಳಿದ್ದು ಇಷ್ಟು: ಹಟ್ಟಿಯಲ್ಲಿ ನಲವತ್ತು ಜನ. ಹತ್ತು ದಿನದಿಂದ ಎಲ್ಲರಿಗೂ ಮಂಪರು. ಸುತ್ತಿಗೆ ಎತ್ತಿದ ಕೈ ಎತ್ತಿದಂತೆಯೇ ಇರುತ್ತದೆ, ಇಳಿಯುವುದನ್ನು ಮರೆಯುತ್ತದೆ.

"ನನ್ನ ಹೆಂಡ್ತಿಗೆ ಈಗ ಒಂಬತ್ತು ತಿಂಗಳು ಬುದ್ಧಿ. ಎದ್ದು ಕೂರಲ್ಲ. ಕರೆದ್ರೆ ಹೂಂ ಅಂತಾಳೆ, ಅಷ್ಟೇ. ಹೊಟ್ಟೇಲಿರೋದೂ ಎರಡು ದಿನದಿಂದ ಒದೀತಾ ಇಲ್ಲ."

ಹಿರಿಯ ವೈದ್ಯರ ಮಂಡಿ ಗುಡ್ಡ ಹತ್ತುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು. ಅವರು ಶಿಷ್ಯರ ಕಡೆ ನೋಡಿದರು. ಎಲ್ಲರೂ ಜವಳಿಯವನ ಮಗನ ಕಡೆ ನೋಡಿದರು. "ಹಾಗಾದರೆ ನೀನೇ ಹೋಗಿ ಬಾ" ಎಂದರು ಹಿರಿಯ ವೈದ್ಯರು. ಬಂದವನಿಗೆ ಅನ್ನ ಹಾಕಿಸಿ, ಆ ದಿನ ಅಲ್ಲೇ ಮಲಗಿಸಿ, ಮರುದಿನ ಇಬ್ಬರನ್ನೂ ಕಳಿಸಿದರು.

ದಾರಿಯಲ್ಲಿ ಗಂಡ ಮುಂದೆ, ಜವಳಿಯವನ ಮಗ ಹಿಂದೆ. ನಿನ್ನೆ ಕಂಬ ಹಿಡಿದು ನಿಂತವನು ಇಂದು ಮೇಕೆಯ ಹಾಗೆ ಬಂಡೆಯಿಂದ ಬಂಡೆಗೆ ಕಾಲಿಡುತ್ತಿದ್ದ. ಜವಳಿಯವನ ಮಗ ಅದನ್ನು ನೋಡಿದ. ಆದರೆ ಕೇಳಲಿಲ್ಲ. ಕೇಳಬೇಕಾದದ್ದು ಹಟ್ಟಿಯಲ್ಲಿದೆ ಎಂದುಕೊಂಡಿದ್ದ.

ಹಟ್ಟಿ ಮುಟ್ಟಿದಾಗ ಬಿಸಿಲು ಏರಿತ್ತು. ಆದರೂ ಅಲ್ಲಿ ಇನ್ನೂ ಬೆಳಗಾಗದ ಹಾಗಿತ್ತು. ಎಲ್ಲೋ ಕಲ್ಲಿನ ಮೇಲೆ ಉಳಿಯ ಸದ್ದು ಒಂದು ಕೇಳಿಸಿತು. ಎರಡನೆಯದು ಬರುವಷ್ಟರಲ್ಲಿ ಮೊದಲನೆಯದು ಮರೆತುಹೋಗುತ್ತಿತ್ತು. ಹೆಂಗಸೊಬ್ಬಳು ಬಂಡೆಯ ಒರತೆಗೆ ಕೊಡ ಹಿಡಿದು ನಿಂತಿದ್ದಳು. ಕೊಡ ತುಂಬಿ ಚೆಲ್ಲುತ್ತಿತ್ತು. ಅವಳು ಹಿಡಿದೇ ಇದ್ದಳು. ಕೋಳಿಗಳು ಗೋಡೆಗೆ ಒರಗಿಕೊಂಡು ನಡೆಯುತ್ತಿದ್ದವು. ಯಾರೂ ನರಳುತ್ತಿರಲಿಲ್ಲ. ಯಾರ ಮುಖದಲ್ಲೂ ನೋವಿರಲಿಲ್ಲ. ನೀರಿನ ಅಡಿಯಲ್ಲಿ ಹೆಜ್ಜೆ ಇಡುವವರ ಹಾಗೆ ಓಡಾಡುತ್ತಿದ್ದರು. ಎದುರಾದರೆ ನಗುತ್ತಿದ್ದರು. ಯಾಕೆ ನಕ್ಕೆವೆಂದು ಮರೆತು, ಆ ನಗುವನ್ನು ಮುಖದ ಮೇಲೆಯೇ ಬಿಟ್ಟು ಮುಂದೆ ಹೋಗುತ್ತಿದ್ದರು.

ಬಸುರಿ ಒಳಗೆ ಚಾಪೆಯ ಮೇಲೆ ಮಲಗಿದ್ದಳು. ಅವಳ ಅತ್ತೆ ತಲೆಯ ಹತ್ತಿರ ಕೂತು ತೂಕಡಿಸುತ್ತಿದ್ದಳು. ಹೊರಗೆ ಜಗಲಿಯ ಮೇಲೆ ಬಳೆಯ ಮಲಾರ ಮುಂದಿಟ್ಟುಕೊಂಡು ಒಬ್ಬ ಬಳೆಗಾರ್ತಿ ಕೂತಿದ್ದಳು. ಒಂಬತ್ತನೆಯ ತಿಂಗಳ ಬಳೆ ತೊಡಿಸಲು ಬಂದವಳು.

ಜವಳಿಯವನ ಮಗ ಹಟ್ಟಿಯ ಯಜಮಾನನಿಂದ ಶುರುಮಾಡಿದ.

"ತಲೆ ನೋವಿದೆಯೇ?"

"ಹೂಂ."

"ಜ್ವರ ಬರುತ್ತದೆಯೇ?"

"ಹೂಂ."

"ಜ್ವರ ಇಲ್ಲವೇ ಇಲ್ಲವೋ?"

"ಹೂಂ."

ಅವನ ಕಣ್ಣು ಅಭ್ಯಾಸದಂತೆ ಯಜಮಾನನ ಕೈಗೆ ಹೋಯಿತು. ಕೈಯಲ್ಲಿ ಉಳಿ ಇತ್ತು. ಅದು ಯಾವ ಪ್ರಶ್ನೆಗೂ ಅಲುಗಲಿಲ್ಲ, ಯಾವ ಪ್ರಶ್ನೆಗೂ ನಿಲ್ಲಲಿಲ್ಲ. ಮುಖ ನೋಡಿದ. ಮುಖ ಗಾಳಿಯಿಲ್ಲದ ದಿನದ ಕೆರೆಯ ಹಾಗಿತ್ತು. ಕಲ್ಲೆಸೆದರೂ ಅಲೆ ಏಳುವ ಹಾಗಿರಲಿಲ್ಲ.

ಸಂಜೆಯ ಹೊತ್ತಿಗೆ ಅವನ ಬಳಿ ಹಟ್ಟಿಯ ಎಲ್ಲರ ಹೂಂ ಸೇರಿತ್ತು. ಅದರಲ್ಲಿ ಜ್ವರವೂ ಇತ್ತು, ಚಳಿಯೂ ಇತ್ತು. ಮಲಬದ್ಧತೆ ಇತ್ತು, ಭೇದಿಯೂ ಇತ್ತು. ಒಬ್ಬ ಮುದುಕ ತಾನು ಬಸುರಿ ಎಂದೂ ಒಪ್ಪಿಕೊಂಡಿದ್ದ. ಗ್ರಂಥದಲ್ಲಿರುವ ಎಲ್ಲ ಕಾಯಿಲೆಗಳೂ ಆ ಹಟ್ಟಿಯಲ್ಲಿದ್ದವು. ಹಾಗೆಂದರೆ ಒಂದೂ ಸಿಕ್ಕಲಿಲ್ಲ.

ಬಳೆಗಾರ್ತಿ ಅಷ್ಟು ಹೊತ್ತೂ ನೋಡುತ್ತಿದ್ದಳು. "ಪಂಡಿತಪ್ಪಾ" ಎಂದಳು.

"ನಿನಗೇನಾಗಿದೆಯಮ್ಮ?"

"ನನಗೇನೂ ಆಗಿಲ್ಲ."

"ಏನೂ ಆಗದವರನ್ನು ನೋಡುವಷ್ಟು ಪುರುಸೊತ್ತು ನನಗಿಲ್ಲ. ಕಾಯಿಲೆಯವರೇ ಇಷ್ಟು ಜನ ಇದ್ದಾರೆ. ಸುಮ್ಮನೆ ಕೂತಿರು."

ಅವಳು ಸುಮ್ಮನೆ ಕೂತಳು.

ಗ್ರಂಥದಲ್ಲಿ ಒಂದು ಮಾತಿತ್ತು. ಏನೂ ತೋಚದಿದ್ದಾಗ ಹೊಟ್ಟೆಯನ್ನು ಹಗುರ ಮಾಡು, ತಿಳಿಗಂಜಿ ಕೊಡು. ಜವಳಿಯವನ ಮಗ ಅದನ್ನೇ ಹೇಳಿದ. "ಮನೆಯಲ್ಲಿರುವ ಧಾನ್ಯದ ಗಂಜಿ. ದಿನಕ್ಕೆ ಐದು ಸಲ. ಬಸುರಿಗೆ ಮೊದಲು ಕೊಡಿ." ಹೇಳುವಾಗ ಅವನ ದನಿ ಗಟ್ಟಿಯಾಗಿತ್ತು. ತನಗೇ ನಂಬಿಕೆಯಿಲ್ಲದ ಬಟ್ಟೆಯನ್ನು ಮಾರುವಾಗ ದನಿ ಗಟ್ಟಿಯಾಗಿರಬೇಕು ಎನ್ನುವುದೂ ಅಂಗಡಿಯಲ್ಲಿ ಕಲಿತದ್ದೇ.

ಅತ್ತೆ ಅವನ ಮಾತನ್ನು ಚಾಚೂ ತಪ್ಪದೆ ನಡೆಸಿದಳು. ತೂಕಡಿಸುತ್ತಲೇ ಎದ್ದು ಗಂಜಿ ಕಾಯಿಸಿದಳು. ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಸಿದಳು. ಉಳಿದದ್ದನ್ನು ಪಂಡಿತರಿಗೂ ಬಡಿಸಿದಳು. ಅವನೂ ಕುಡಿದ.

ಮರುದಿನ ಬಸುರಿ ಹೂಂ ಎನ್ನುವುದನ್ನೂ ಬಿಟ್ಟಳು.

ಗಂಡ ಬಂದು ಹೇಳಿದ. ಜವಳಿಯವನ ಮಗ ಏಳಬೇಕೆಂದುಕೊಂಡ. ಎದ್ದೆ ಎಂದೂ ಅಂದುಕೊಂಡ. ಆದರೆ ಅವನು ಗೋಡೆಗೆ ಒರಗಿ ಕೂತೇ ಇದ್ದ. ಬಿಸಿಲು ಅಂಗಳದಲ್ಲಿ ಹಾಲಿನ ಹಾಗೆ ನಿಂತಿತ್ತು. ಕೈ ಎತ್ತಿದರೆ ಕೈಯ ಹಿಂದೆ ಇನ್ನೊಂದು ಕೈ ನಿಧಾನವಾಗಿ ಬರುತ್ತಿತ್ತು. ಅವನಿಗೆ ಭಯವಾಗಲಿಲ್ಲ. ಭಯಪಡಬೇಕೆಂಬ ನೆನಪು ಮಾತ್ರ ಎಲ್ಲೋ ದೂರದಲ್ಲಿ, ಪಕ್ಕದ ಊರಿನಲ್ಲಿ ಯಾರೋ ಕೂಗಿದ ಹಾಗೆ ಇತ್ತು.

ಆಮೇಲೆ ಅವನು ಪೇಟೆಯ ಪಾಠದ ಜಗಲಿಯ ಮೇಲಿದ್ದ. ಜಗಲಿ ಕೆರೆಯ ಅಡಿಯಲ್ಲಿತ್ತು. ಗೋಡೆಯಲ್ಲಿ ಅವನ ಪಾಲಿನ ಬಿಳಿ ಮೊಳ ಬೆಳೆಯುತ್ತ ಬೆಳೆಯುತ್ತ ಹೊಲದಷ್ಟು ಅಗಲವಾಯಿತು. ಅದರ ನಡುವೆ ಹಿರಿಯ ವೈದ್ಯರು ಕೂತು ಅಡಕೆ ಕತ್ತರಿಸುತ್ತಿದ್ದರು. ಟಕ್, ಟಕ್. ಅವನು ಕೇಳಿದ: ನಿದ್ರೆಯೇ? ಟಕ್. ನೀರೇ? ಟಕ್. ಗಾಳಿಯೇ, ಗ್ರಹವೇ, ದೃಷ್ಟಿಯೇ? ಟಕ್, ಟಕ್, ಟಕ್. ಲೋಕದಲ್ಲಿರುವ ಪ್ರಶ್ನೆಗಳೆಲ್ಲ ಮುಗಿದವು. ಅಡಕತ್ತರಿ ನಿಲ್ಲಲಿಲ್ಲ. "ಯಾಕೆ ನಿಲ್ಲಿಸುತ್ತಿಲ್ಲ?" ಎಂದು ಅವನು ಕೂಗಿದ. ಹಿರಿಯ ವೈದ್ಯರು ತಲೆ ಎತ್ತಿದರು. ಅವರಿಗೆ ಹಟ್ಟಿಯ ಯಜಮಾನನ ಮುಖವಿತ್ತು. ಆ ಮುಖ ನಕ್ಕು ಹೇಳಿತು: "ಹೂಂ."

ಮುಖದ ಮೇಲೆ ತಣ್ಣೀರು ಬಿತ್ತು. ಬಳೆಗಾರ್ತಿ ಚೆಂಬು ಹಿಡಿದು ನಿಂತಿದ್ದಳು. ಅವನು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡ. ಅವಳು ತನ್ನ ಬುತ್ತಿಯಿಂದ ಒಂದು ರೊಟ್ಟಿ ತೆಗೆದು, ಮಜ್ಜಿಗೆಯಲ್ಲಿ ನೆನೆಸಿ, ಬೈಯುತ್ತ ಬೈಯುತ್ತ ತಿನ್ನಿಸಿದಳು. ಮತ್ತೆ ಅವನಿಗೆ ಗಂಜಿ ಕೊಡಲು ಅತ್ತೆ ಬಂದಾಗ, "ಸಾಕು ಬಿಡಮ್ಮ, ಕುಡಿದದ್ದೇ ಹೊರಗೆ ಬಂದಿದೆ" ಎಂದು ಕಳಿಸಿದಳು. ಅವನು ಅಲ್ಲೇ ಮಲಗಿದ. ಬೆಳಗ್ಗೆ ಕಣ್ಣು ಬಿಟ್ಟಾಗ ಅಂಗಳ ಅಂಗಳದ ಹಾಗಿತ್ತು, ಕೈ ಒಂದೇ ಇತ್ತು.

ಬಳೆಗಾರ್ತಿ ಬಳೆಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತ ಕೂತಿದ್ದಳು.

"ಎದ್ರಾ ಪಂಡಿತಪ್ಪಾ? ಹಟ್ಟೀಲಿ ಇರೋರ್ನೆಲ್ಲ ಕೇಳಿದ್ರಿ. ಪಾಪ, ಆ ಮುದುಕನ್ನ ಬಸುರೀನೂ ಮಾಡಿದ್ರಿ. ನಾನು ಒಬ್ಬಳು ಈ ಜಗಲಿ ಮೇಲೆ ನಾಕು ದಿನದಿಂದ ನೆಟ್ಟಗೆ ಕೂತಿದೀನಿ. ಯಾಕಮ್ಮಾ ನೆಟ್ಟಗೆ ಕೂತಿದೀಯ ಅಂತ ಒಂದು ಮಾತು ಕೇಳಬಾರದಾ?"

ಅವನ ಕಣ್ಣು ಅವಳ ಕೈ ನೋಡಿತು. ಕೈ ಬಳೆ ಆರಿಸುತ್ತಲೇ ಇತ್ತು. ನಿಲ್ಲಲಿಲ್ಲ. ನಿಲ್ಲುವುದಕ್ಕೆ ಅವಳಿಗೂ ಉತ್ತರ ಗೊತ್ತಿರಲಿಲ್ಲ. ಹಾಗಾಗಿ ಜವಳಿಯವನ ಮಗ, ಎದುರಿನವರಿಗೂ ಗೊತ್ತಿಲ್ಲದ, ತನಗೂ ಗೊತ್ತಿಲ್ಲದ ಒಂದು ವಿಷಯವನ್ನು ಹುಟ್ಟಿದ ಮೇಲೆ ಮೊದಲ ಸಲ ಕೇಳಿದ.

"ನೀನು ಎಲ್ಲಿ ಮಲಗುತ್ತೀಯಮ್ಮ?"

"ಇದೇ ಜಗಲಿ. ಇವರ ಜೊತೇಲೇ."

"ಕುಡಿಯುವ ನೀರು?"

"ಅದೇ ಒರತೆ. ಬೇರೆ ಎಲ್ಲಿದೆ?"

"ಊಟ?"

"ಊಟ ಎಲ್ಲಿ ಬಂತು! ಬಳೆ ತೊಡಿಸೋ ತನಕ ಆ ಮನೇಲಿ ಉಣ್ಣಬಾರದು, ನಮ್ಮತ್ತೆ ಕಾಲದಿಂದ ಬಂದ ಕಟ್ಟಳೆ. ಈ ಹುಡುಗಿ ಎದ್ದು ಕೂತರೆ ತಾನೆ ಬಳೆ? ಬಳೆ ಆದರೆ ತಾನೆ ಊಟ? ಬುತ್ತೀಲಿ ಕಟ್ಕೊಂಡು ಬಂದ ಜೋಳದ ರೊಟ್ಟಿ ಕಡೀತಾ ಇದೀನಿ. ಅದೂ ಈಗ ಕಲ್ಲಾಗಿದೆ. ಇವರಿಗೆ ಕೊಟ್ಟರೆ ಒರಳು ಮಾಡ್ಯಾರು."

ಅವನು ನಗಲಿಲ್ಲ. ಒಲೆಯ ಹತ್ತಿರ ಹೋಗಿ ಒಂದು ಇದ್ದಿಲು ತಂದ. ಅಂಗಳದಲ್ಲಿ ಕಡೆದಿಟ್ಟ ಚಪ್ಪಡಿಯ ಮೇಲೆ ಬರೆದ: ಒಂದೇ ಜಗಲಿ. ಒಂದೇ ನೀರು. ಬೇರೆ ಊಟ. ಅದರ ಕೆಳಗೆ ಬರೆದ: ಗೊತ್ತಿಲ್ಲ. ಆ ಕೊನೆಯ ಪದ ಬರೆಯುವಾಗ ಅವನ ಕೈ ಹೊಸದಾಗಿ ಅಕ್ಷರ ಕಲಿತವನ ಕೈಯ ಹಾಗೆ ಇದ್ದಿಲನ್ನು ಒತ್ತಿ ಹಿಡಿದಿತ್ತು.

ಆಮೇಲೆ ಅವನು ಬಸುರಿಯ ಗಂಡನನ್ನು ಹುಡುಕಿಕೊಂಡು ಹೋದ. ಮೊನ್ನೆ ಮೇಕೆಯ ಹಾಗೆ ಗುಡ್ಡ ಹತ್ತಿದವನು ಇಂದು ಮತ್ತೆ ಬಂಡೆ ಹಿಡಿದುಕೊಂಡು ನಿಂತಿದ್ದ. "ಪೇಟೆಯಲ್ಲಿ ಏನು ಉಂಡೆ?" ಎಂದು ಜವಳಿಯವನ ಮಗ ಕೇಳಿದ. "ಅಕ್ಕಿ ಅನ್ನ ಬುದ್ಧಿ" ಎಂದ ಗಂಡ ಬಹಳ ಹೊತ್ತು ಯೋಚಿಸಿ. ಆಮೇಲೆ ಜವಳಿಯವನ ಮಗ ಕೋಳಿಗಳ ಹಿಂದೆ ಹೋದ. ಅವು ಹೆಂಗಸರು ಧಾನ್ಯ ಕೇರುವ ಜಾಗದಲ್ಲಿ ನುಚ್ಚು ಹೆಕ್ಕುತ್ತ ತೂಗಾಡುತ್ತಿದ್ದವು. ಮೇಕೆಗಳು ಗುಡ್ಡದ ಸೊಪ್ಪು ಮೇಯುತ್ತಿದ್ದವು. ಅವುಗಳಿಗೆ ಏನೂ ಆಗಿರಲಿಲ್ಲ.

ಕಣಜದಲ್ಲಿ ಕೈ ಹಾಕಿದ. ಸಣ್ಣ ಧಾನ್ಯ. ಮೇಲೆ ಬೂದಿ ಬಳಿದ ಹಾಗೆ ಒಂದು ಬಣ್ಣ, ಮೂಗಿಗೆ ಹಿಡಿದರೆ ಮುಗ್ಗಲು ವಾಸನೆ.

"ಇದು ಏನು?"

"ಹಾರಕ ಅಂತೆ" ಎಂದ, ಇನ್ನೂ ಬೆಳಗಿನ ಗಂಜಿ ಕುಡಿದಿರದ ಯಜಮಾನ. "ವರ್ಷಾ ವರ್ಷ ಬಯಲುಸೀಮೆಯೋರು ನಮ್ಮ ಕಲ್ಲಿಗೆ ರಾಗಿ ಕೊಡ್ತಿದ್ರು. ಈ ಸಲ ಇದನ್ನ ಕೊಟ್ರು. ಒಂದಕ್ಕೆ ಒಂದೂವರೆ ಅಳತೆ ಕೊಟ್ರು. ಬಣವೆ ಮೇಲೆ ಮಳೆ ಬಿತ್ತಂತೆ, ಒಣಗಿಸಿದೀವಿ ಅಂದ್ರು."

ಅಗ್ಗದ ಮಾಲು ಬಂದಾಗ ಯಾಕೆ ಅಗ್ಗ ಎಂದು ಕೇಳಬೇಕು. ಹಟ್ಟಿಯವರು ಕೇಳಿರಲಿಲ್ಲ. ಕೊಟ್ಟವರಿಗೆ ಗೊತ್ತಿತ್ತೋ ಇಲ್ಲವೋ, ಕತೆ ಅದನ್ನು ಹೇಳುವುದಿಲ್ಲ.

ಜವಳಿಯವನ ಮಗ ಎಲ್ಲರನ್ನೂ ಅಂಗಳಕ್ಕೆ ಕರೆದ. "ಈ ಧಾನ್ಯ ಬಿಡಬೇಕು" ಎಂದ.

ಎಲ್ಲರಿಗಿಂತ ಮೊದಲು ಎದ್ದವಳು ಅತ್ತೆ. ಸೊಸೆಗಾಗಿ ಬಂದ ಕೋಪ ಅವಳ ಮಂಪರನ್ನೂ ಹರಿದುಹಾಕಿತ್ತು. "ಮೊನ್ನೆ ಐದು ಸಲ ಕುಡಿಸು ಅಂದೋರು ನೀವೇ. ಇವತ್ತು ಒಂದು ಸಲಾನೂ ಬೇಡ ಅನ್ನೋರೂ ನೀವೇ. ನಾಳೆ ಏನಂತೀರೋ? ತುಂಬಿದ ಬಸುರೀನ ಉಪಾಸ ಕೆಡವಿ ಸಾಯಿಸ್ಬೇಕು ಅಂತಾನಾ?"

"ಮೊನ್ನೆ ನಾನು ಹೇಳಿದ್ದು ತಪ್ಪಮ್ಮ."

ಅಂಗಡಿಯಲ್ಲಿ ಬೆಳೆದವನ ಬಾಯಿಂದ ಬರುವ ಮಾತಲ್ಲ ಅದು. ಮಾರಿಹೋದ ಬಟ್ಟೆ ಕೆಟ್ಟದ್ದೆಂದು ಯಾವ ಜವಳಿಯವನೂ ಗಿರಾಕಿಯ ಎದುರು ಒಪ್ಪಿಕೊಂಡದ್ದಿಲ್ಲ. ಹೇಳಿದ ಮೇಲೆ ಅವನಿಗೆ ತನ್ನ ಕಾಲು ನೆಲಕ್ಕೆ ತಾಗಿದ ಹಾಗಾಯಿತು.

ಯಜಮಾನ ಕೇಳಿದ: "ಇದನ್ನ ಬಿಟ್ಟು ಕಲ್ಲು ತಿನ್ನಾಣಾ ಬುದ್ಧಿ? ಇದೇ ಅನ್ನೋದು ನಿಮಗೆ ಖಾತ್ರಿ ಇದೆಯಾ?"

"ಇಲ್ಲ" ಎಂದ ಜವಳಿಯವನ ಮಗ. "ನೋಡೋಣ. ನೀವೂ ನೋಡಿ. ನಾನು ನೋಡಿಸಿಕೊಳ್ಳುತ್ತೇನೆ. ಅಲ್ಲಿಯವರೆಗೆ ಯಾರೂ ಏನೂ ತಿನ್ನಬೇಡಿ."

ಅವನು ಅಂಗಳದ ನಡುವೆ ಒಂದು ಒರಳಿನ ಮೇಲೆ ಕೂತ. ಬಳೆಗಾರ್ತಿಯನ್ನು ಎದುರಿಗೆ ಕೂರಿಸಿಕೊಂಡ. "ಈಗ ನನ್ನ ತಲೆ ತಿಳಿಯಾಗಿದೆ. ಏನಾದರೂ ಕೇಳು" ಎಂದ. ಅವಳು ಮಗ್ಗಿ ಕೇಳಿದಳು. ಅವನು ಹದಿಮೂರರ ಮಗ್ಗಿಯನ್ನು ತಡೆಯದೆ ಹೇಳಿದ. ಆಮೇಲೆ ಅತ್ತೆಯ ಕೈಯಿಂದಲೇ ಎರಡು ಬಟ್ಟಲು ಗಂಜಿ ಹಾಕಿಸಿಕೊಂಡು, ಎಲ್ಲರೂ ನೋಡುವಂತೆ ಕುಡಿದ.

ನೆರಳು ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಸರಿಯಿತು. ಅವನು ಕಣ್ಣು ಬಿಟ್ಟೇ ಇದ್ದ. ಆ ಮಂಪರು ಬರುವ ದಾರಿಯನ್ನು ಈ ಸಲ ಕಾದು ಕೂತಿದ್ದ. ಮೊದಲು ಬೆರಳ ತುದಿ ತಣ್ಣಗಾಯಿತು. ಆಮೇಲೆ ಜನರ ದನಿಗಳು ಒಂದೊಂದಾಗಿ ದೂರ ಹೋಗಿ ಕೂತವು. ಕಲ್ಲುಗಳು ಹತ್ತಿಯ ಮೂಟೆಗಳಾದವು. ಬಳೆಗಾರ್ತಿಯ ಮಲಾರದಿಂದ ಹಸಿರು ಬಳೆಗಳು ಎದ್ದು, ನೀರಿನ ಗುಳ್ಳೆಗಳ ಹಾಗೆ ಮೇಲೆ ಮೇಲೆ ಹೋದವು. ಅವು ತುಂಬ ಚೆನ್ನಾಗಿದ್ದವು.

"ಪಂಡಿತಪ್ಪಾ, ಎರಡರ ಮಗ್ಗಿ ಹೇಳಿ."

"ಎರಡೊಂದ್ಲ ಎರಡು. ಎರಡೆರಡ್ಲ..." ಎಂದ ಅವನು. ಮುಂದಿನದು ಬಳೆಗಳ ಜೊತೆ ಮೇಲೆ ಹೋಗಿತ್ತು.

"ನಿಮಗೆ ಮದುವೆ ಆಗಿದೆಯಾ?"

"ಹೂಂ."

"ಎಷ್ಟು ಜನ ಹೆಂಡ್ರು, ಹತ್ತಾ?"

"ಹೂಂ."

"ಬಾಲ ಇದೆಯಾ?"

"ಹೂಂ."

ಯಾರೋ ಕಿಸಕ್ಕೆಂದರು. ಆಮೇಲೆ ಇನ್ನೊಬ್ಬರು. ಬೆಳಗಿನಿಂದ ಏನೂ ತಿನ್ನದ ಹಟ್ಟಿಯ ಜನ, ಹತ್ತು ಹನ್ನೆರಡು ದಿನಗಳ ಮೇಲೆ, ಯಾಕೆ ನಗುತ್ತಿದ್ದೇವೆಂದು ಗೊತ್ತಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಬಸುರಿ ಎಂದು ಒಪ್ಪಿಕೊಂಡಿದ್ದ ಮುದುಕ. ನಗುತ್ತ ನಗುತ್ತ ಅವನು ಸುಮ್ಮನಾದ. ತನ್ನ ಬಟ್ಟಲನ್ನು ನೋಡಿದ. ಅದನ್ನು ಕಲ್ಲಿನ ಮೇಲೆ ಬೋರಲು ಹಾಕಿದ. ಪಕ್ಕದವನೂ ಹಾಕಿದ. ಅಂಗಳದ ತುಂಬ ಒಂದಾದ ಮೇಲೊಂದು ಬಟ್ಟಲು ಬೋರಲು ಬಿದ್ದ ಸದ್ದಾಯಿತು. ಅತ್ತೆ ಒಳಗೆ ಹೋಗಿ ಒಲೆಯ ಮೇಲಿದ್ದ ಗಂಜಿಯನ್ನು ಹೊರಗೆ ತಂದು ಚೆಲ್ಲಿದಳು.

ಬಳೆಗಾರ್ತಿಯ ಬುತ್ತಿಯಲ್ಲಿ ನಾಲ್ಕು ರೊಟ್ಟಿ ಉಳಿದಿದ್ದವು. ನಾಲ್ಕನ್ನೂ ಮಜ್ಜಿಗೆಯಲ್ಲಿ ಕಿವುಚಿ ಬಸುರಿಗೆ ಕೊಟ್ಟರು. ಉಳಿದವರು ಮೇಕೆಯ ಹಾಲು, ಬೇಯಿಸಿದ ಸೊಪ್ಪು ತಿಂದು ಹೊತ್ತು ಹಾಕಿದರು. ಜವಳಿಯವನ ಮಗ ತನ್ನ ಬಾಲವನ್ನೂ ಹತ್ತು ಹೆಂಡಿರನ್ನೂ ನಿದ್ದೆಯಲ್ಲಿ ಕಳೆದುಕೊಂಡು ಎದ್ದ. ಎದ್ದವನೇ ಬಸುರಿಯ ಬಾಗಿಲಿಗೆ ಹೋಗಿ ನಿಂತ. ಒಳಗೆ ಹೋಗುವ ಧೈರ್ಯ ಬರಲಿಲ್ಲ. ತಾನು ಕುಡಿಸಿದ ಗಂಜಿಗೆ ತಾನೇ ಮದ್ದು ಹೇಳಿದ್ದ. ಆ ಮದ್ದು ಹೊತ್ತಿಗೆ ಸರಿಯಾಗಿ ಸಿಕ್ಕಿತೇ ಎಂಬುದನ್ನು ಯಾರ ಕೈ ನೋಡಿಯೂ ತಿಳಿಯುವ ಹಾಗಿರಲಿಲ್ಲ.

ಒಂದು ದಿನ ಕಳೆಯಿತು. ಬಸುರಿ ಹೂಂ ಎಂದಳು. ಇನ್ನೊಂದು ದಿನ ಕಳೆಯಿತು. ನೀರು ಕೊಡಿ ಎಂದಳು.

ಮೂರನೆಯ ದಿನ ಅವಳನ್ನು ಎತ್ತಿ ಕೂರಿಸಿದರು. ಬಳೆಗಾರ್ತಿ ಅವಳ ಕೈ ಹಿಡಿದು ಬೆರಳುಗಳನ್ನು ಒತ್ತಿ ಕೂಡಿಸಿದಳು. ಮೊದಲ ದಿನ ಆ ಕೈ ಕಲಸಿದ ಹಿಟ್ಟಿನ ಹಾಗಿತ್ತು, ಎಳೆದ ಕಡೆ ಬರುತ್ತಿತ್ತು. ಈಗ ಹಸಿರು ಬಳೆ ಗೆಣ್ಣಿನ ಹತ್ತಿರ ಬಂದಾಗ ಬಸುರಿ ಕೈಯನ್ನು ಕಿತ್ತುಕೊಂಡಳು.

"ಅಯ್ಯೋ, ನೋಯ್ತದೆ ಕಣವ್ವಾ!"

"ನೋಯ್ಲಿ, ನೋಯ್ಲಿ. ಸದ್ಯ, ನೋವಾಯ್ತಲ್ಲ" ಎಂದಳು ಬಳೆಗಾರ್ತಿ.

ಆ ಗಲಾಟೆಗೆ ಹೊಟ್ಟೆಯೊಳಗಿನದು ಒಂದು ಸಲ ಒದ್ದಿತು. ಬಸುರಿ ಅತ್ತೆಯ ಕೈಯನ್ನು ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಅತ್ತೆ ಸ್ವಲ್ಪ ಹೊತ್ತು ಕಾದು, ಕಣ್ಣು ಒರೆಸಿಕೊಂಡು, "ಇಷ್ಟು ದಿನ ಬಿದ್ಕೊಂಡಿತ್ತು ಅಂದ್ರೆ ಇದು ಗಂಡೇ ಇರಬೇಕು" ಎಂದಳು.

ಗಂಡ ಒಳ್ಳೆಯ ಎರಡು ಬೀಸುವ ಕಲ್ಲು ಹೊತ್ತುಕೊಂಡು ರಾಗಿಗಾಗಿ ಗುಡ್ಡ ಇಳಿದ. ಹಟ್ಟಿಯವರು ಹಾರಕವನ್ನು ಗುಂಡಿ ತೋಡಿ ಹುಗಿದರು. ಹುಗಿಯುವಾಗ ಯಜಮಾನ ಅತ್ತ. ಎರಡು ತಿಂಗಳು ಕಲ್ಲು ಕಡೆದ ದುಡಿಮೆ ಅದು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಕತೆ ಚೆನ್ನಾಗಿದೆ ಗುರುಗಳೇ. ಆದರೆ ನನ್ನ ಪ್ರಶ್ನೆ ಅಲ್ಲೇ ಇದೆ. ಆ ಹಿರಿಯ ವೈದ್ಯರು, 'ಮಳೆಗೆ ಸಿಕ್ಕ ಹಾರಕ ತಿಂದರೆ ಮಂಪರು ಹಿಡಿಯುತ್ತದೆ' ಎಂದು ಮೊದಲೇ ಒಂದು ಮಾತು ಹೇಳಿ ಕಳಿಸಿದ್ದರೆ ಏನು ಹೋಗುತ್ತಿತ್ತು? ಒಂದು ಮಾತನ್ನು ಉಳಿಸಿಕೊಂಡು ಎರಡು ಜೀವವನ್ನು ಸಾವಿನ ಬಾಗಿಲಲ್ಲಿ ನಿಲ್ಲಿಸಬೇಕಿತ್ತೇ?"

ಗುರುಗಳು ಎದ್ದು, ಹೆಗಲ ವಸ್ತ್ರ ಕೊಡವಿಕೊಂಡು, ಹೇಳಿದರು:

"ಮಗು, ಅದು ಅವರಿಗೂ ಗೊತ್ತಿರಲಿಲ್ಲ."

ಶಿಷ್ಯ ಹೋಗಿ ರೋಗಿಯ ಎದುರು ಮತ್ತೆ ಕೂತ.